ಹಾಡಿಲ್ಲ ಅನ್ನುವ ಮೆಷಿನ್ನು

ಮಾರ್ಚ್ ೩, ಸೋಮವಾರ

ಮಾತು ಬೆಳ್ಳಿ, ಮೌನ ಬಂಗಾರ ಎಂದು ಮೊದಲು ಹೇಳಿದ ಪುಣ್ಯಾತ್ಮನ ಹೆಂಡತಿಯೂ ಆಗ ಅಕ್ಕನ ಮನೆಗೆ ಹೋಗಿದ್ದಿರಬೇಕು. ಮನೆ ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಸುಮ್ಮನಿದೆ. ಇವಳು ನಿನ್ನೆ ಹೊರಟಳು. ಯಾಕೆ, ಎಷ್ಟು ದಿನಕ್ಕೆ ಎಂದು ಹೇಳಿಯೇ ಹೋಗಿರಬೇಕು, ಹೇಳದೆ ಹೋಗುವವಳಲ್ಲ. ನನ್ನ ತಲೆಯಲ್ಲಿ ಆಗ ಬೇರೆ ಏನೋ ಓಡುತ್ತಿತ್ತು. ಎರಡು ದಿನಕ್ಕೆ ದೊಡ್ಡ ಸೂಟ್‌ಕೇಸ್ ಯಾಕೆ ಬೇಕೋ ದೇವರೇ ಬಲ್ಲ.

ನನಗೂ ಇದೇ ಬೇಕಾಗಿತ್ತು. ದಿನವೆಲ್ಲ ಕಿವಿಯಿಂದ ದುಡಿಯುವವನಿಗೆ ಸಂಜೆ ಕಿವಿಗೆ ರಜೆ ಸಿಗಬೇಕು. ಮೂಟೆ ಹೊತ್ತು ಬಂದವನಿಗೆ ಮನೆಯಲ್ಲಿ ಇನ್ನೊಂದು ಮೂಟೆ ಹೊರಿಸುತ್ತಾರೆಯೇ? ಇದನ್ನು ಇವಳಿಗೆ ಎಷ್ಟು ಸಲ ಹೇಳಿದ್ದೇನೆ. “ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು” ಎಂದು ಗೊಣಗಿಕೊಂಡು ಒಳಗೆ ಹೋಗುತ್ತಾಳೆ. ನಾನು ಕೋಣನಂತೆ! ಕಾರ್ಖಾನೆಯಲ್ಲಿ ಈ ಕಿವಿಗಳಿಗೆ ಇರುವ ಮರ್ಯಾದೆ ಇವಳಿಗೇನು ಗೊತ್ತು.

ನಮ್ಮ ಹೊಸ ಡಿಸ್ಕ್ ಪ್ಲೇಯರು ಮುಂದಿನ ವಾರ ಅಂಗಡಿಗಳಿಗೆ ಹೋಗುತ್ತದೆ. ಹಳೆಯವು ಅಂಗಡಿಯಲ್ಲಿ ಕೊಂಡ ಹಾಡಿನ ಡಿಸ್ಕನ್ನು ಮಾತ್ರ ಹಾಡುತ್ತಿದ್ದವು. ಇದು ಕಂಪ್ಯೂಟರಿನಿಂದ ತುಂಬಿಸಿಕೊಂಡ ಫೈಲುಗಳನ್ನೂ ಹಾಡಬೇಕು. ಒಂದೇ ಹಾಡನ್ನು ಕಂಪ್ಯೂಟರು ನುಣ್ಣಗೂ ಬೀಸಿಕೊಡುತ್ತದೆ, ತರಿತರಿಯಾಗಿಯೂ ಬೀಸಿಕೊಡುತ್ತದೆ. ಒಂದು ಎಂಪಿತ್ರೀ, ಒಂದು ವೇವ್, ಇನ್ನೊಂದರ ಹೆಸರು ಬಾಯಿಗೇ ಬರುವುದಿಲ್ಲ. ಎಲ್ಲವನ್ನೂ ಮೆಷಿನ್ನು ನುಂಗಬೇಕು, ಒಂದನ್ನೂ ಉಗುಳಬಾರದು. ಪ್ರತಿ ಫೈಲನ್ನೂ ಕೊನೆಯತನಕ ಕೇಳಿ ‘ಕೇಳಿದೆ’ ಎಂದು ಸಹಿ ಹಾಕುವುದು ನನ್ನ ಕೆಲಸ. ಮಧ್ಯೆ ಎದ್ದು ಹೋಗುವ ಹಾಗಿಲ್ಲ, ಮುಂದಕ್ಕೆ ಓಡಿಸುವ ಹಾಗಿಲ್ಲ.

ಹಾಡು ಮಾತ್ರ ಒಂದೇ. ಯಜಮಾನರ ಅಕ್ಕ, ನಾವೆಲ್ಲ ದೊಡ್ಡಮ್ಮ ಅನ್ನುತ್ತೇವೆ, ತಾವೇ ಕಟ್ಟಿ ತಾವೇ ಹಾಡಿದ್ದು. “ಇನ್ನೊಬ್ಬರ ಹಾಡು ಬಳಸಿದ್ರೆ ಇನ್ನೊಬ್ಬರ ವಕೀಲ ಬಾಗಿಲಿಗೆ ಬರ್ತಾನೆ. ಮನೇಲೇ ಹಾಡೋರಿರುವಾಗ ಊರವರ ಗೊಡವೆ ಯಾಕೆ?” ಎಂದು ಯಜಮಾನರು ಮೊದಲೇ ಹೇಳಿಬಿಟ್ಟರು. ಬೇರೆ ಯಾವ ಡಿಸ್ಕೂ ಕಾರ್ಖಾನೆಯೊಳಗೆ ಬರಕೂಡದು. ಗೇಟಿನಲ್ಲಿ ಕಾವಲುಗಾರ ನಮ್ಮ ಚೀಲಗಳನ್ನು ಚಾಕುಚೂರಿಗೆ ಹುಡುಕುವ ಹಾಗೆ ಹುಡುಕುತ್ತಾನೆ.

ದೊಡ್ಡಮ್ಮ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಾರೆ. ಆಮೇಲೆ ಬೇಲಿ ದಾಟಲು ಹೊರಟ ಒಂದು ಅಳಿಲಿನ ಹಾಡು. ಮೂರು ಚರಣ ಮುಗಿದರೂ ಅಳಿಲು ದಾಟುವುದಿಲ್ಲ. ಇವತ್ತು ನುಣ್ಣಗೆ ಬೀಸಿದ್ದು, ತರಿಯಾಗಿ ಬೀಸಿದ್ದು, ಫೋಲ್ಡರಿನೊಳಗಿನ ಫೋಲ್ಡರಿನೊಳಗೆ ಬಚ್ಚಿಟ್ಟದ್ದು, ಎಲ್ಲವೂ ಮೆಷಿನ್ನಿನಲ್ಲಿ ಸೊಗಸಾಗಿ ಹಾಡಿದವು. ಎಲ್ಲದರಲ್ಲೂ ಅಳಿಲು ಬೇಲಿಯ ಈಚೆಗೇ ಇತ್ತು.


ಮಾರ್ಚ್ ೫, ಬುಧವಾರ

ಇವಳ ಅಕ್ಕನ ಮಗಳು ಸಂಜೆ ಬಂದಿದ್ದಳು. ಕೈಯಲ್ಲಿ ಒಂದು ಡಿಸ್ಕ್.

“ಚಿಕ್ಕಪ್ಪ, ಇದು ಚಿಕ್ಕಮ್ಮ ಕೊಟ್ಟಿದ್ದು. ಟೇಪಲ್ಲಿ ರೆಕಾರ್ಡ್ ಮಾಡಿದ್ರು, ನಾನು ಎಂಪಿತ್ರೀ ಮಾಡಿ ಡಿಸ್ಕಿಗೆ ಹಾಕ್ದೆ.”

“ಏನಿದೆ ಇದರಲ್ಲಿ?”

“ಹೇಳಲ್ಲಪ್ಪ. ಆಣೆ ಹಾಕ್ಸಿದಾರೆ. ಡಿಸ್ಕಲ್ಲಿ ಹಾಕಿದ್ರೆ ಮಾತ್ರ ನೀವು ಕೊನೇತನಕ ಕೇಳ್ತೀರಂತೆ. ಕೇಳಿದ್ಮೇಲೆ ಫೋನ್ ಮಾಡ್ಬೇಕಂತೆ, ಅಲ್ಲಿತನಕ ಮಾಡ್ಬಾರದಂತೆ. ಮತ್ತೆ ನಿಮ್ಮ ಮೆಷಿನ್ನಲ್ಲೇ ಹಾಕ್ಬೇಕಂತೆ, ಅದು ಎಲ್ಲಾನೂ ಹಾಡತ್ತೆ ಅಂತ ಮನೆಮನೆಗೆ ಹೇಳ್ಕೊಂಡು ಬಂದಿದೀರಲ್ಲ.”

“ಹೇಳ್ಕೊಂಡು ಬಂದಿದೀನಿ ಅಂದ್ರೆ ಏನು? ಇರೋದನ್ನೇ ಹೇಳಿದ್ದು.”

ಅವಳು ನನ್ನ ಮುಖ ನೋಡಿದಳು, ಅಡುಗೆಮನೆ ನೋಡಿದಳು, ಬ್ರೆಡ್ಡಿನ ಪೊಟ್ಟಣ ನೋಡಿದಳು, “ಅಯ್ಯೋ ಪಾಪ” ಅಂದಳು. ಯಾರಿಗೆ ಅಂದಳೋ ತಿಳಿಯಲಿಲ್ಲ. ಬ್ರೆಡ್ಡಿಗಿರಬಹುದು.

ಪರೀಕ್ಷೆಗೆಂದು ಮನೆಗೆ ಕೊಟ್ಟಿರುವ ಪ್ಲೇಯರಿಗೆ ಡಿಸ್ಕ್ ಹಾಕಿದೆ. ತಿರುಗಿತು. ಯೋಚಿಸಿತು. ಪುಟ್ಟ ಹಸಿರು ಕಿಟಕಿಯಲ್ಲಿ ಅಕ್ಷರ ಮೂಡಿತು: ಹಾಡಿಲ್ಲ.

ತೆಗೆದು, ಒರೆಸಿ, ಮತ್ತೆ ಹಾಕಿದೆ. ಹಾಡಿಲ್ಲ. ಪ್ಲಗ್ಗು ಕಿತ್ತು ಚುಚ್ಚಿದೆ. ಹಾಡಿಲ್ಲ. ದೊಡ್ಡಮ್ಮನ ಡಿಸ್ಕ್ ಹಾಕಿದರೆ ಗಂಟಲು, ಅಳಿಲು, ಬೇಲಿ, ಎಲ್ಲ ಲಕ್ಷಣವಾಗಿ ಬಂತು.

ಅಂದ ಮೇಲೆ ತಪ್ಪು ಇವಳ ಫೈಲಿನದೇ.


ಮಾರ್ಚ್ ೬, ಗುರುವಾರ

ಫೋನ್ ಮಾಡಿದೆ.

“ಕೇಳಿದ್ರಾ?” ಅಂದಳು.

“ಅದು ಹಾಡ್ತಾ ಇಲ್ಲ ಕಣೇ. ಅದರಲ್ಲಿ ಏನಿದೆ ಅಂತ ಬಾಯಲ್ಲೇ ಹೇಳ್ಬಾರದಾ?”

“ಬಾಯಲ್ಲಿ ಹೇಳಿದ್ದೇ ಅದರಲ್ಲಿರೋದು,” ಎಂದು ಇಟ್ಟುಬಿಟ್ಟಳು.

ಒಗಟು ಹೇಳುವುದಕ್ಕೂ ಒಂದು ಹೊತ್ತು ಬೇಡವೇ!


ಮಾರ್ಚ್ ೯, ಭಾನುವಾರ

ರಜೆಯ ದಿನವನ್ನೆಲ್ಲ ಇವಳ ಡಿಸ್ಕಿಗೆ ಸುರಿದೆ. ಪಕ್ಕದ ಮನೆಯವರ ಹತ್ತಿರ ಕಂಪ್ಯೂಟರಿದೆ. ಆದರೆ ನನ್ನ ಹೆಂಡತಿ ನನಗೆ ಹೇಳಿರುವುದನ್ನು ಅವರ ಹಜಾರದಲ್ಲಿ ಅವರ ಅತ್ತೆಯ ಜೊತೆ ಕೂತು ಕೇಳಬೇಕೇ? ಊರಿಗೆಲ್ಲ ಡಂಗುರ ಹೊಡೆಸಿದ ಹಾಗಾಗುತ್ತದೆ. ಅದೂ ಅಲ್ಲದೆ ಡಬ್ಬದ ಮೇಲೆ ‘ಯಾವ ಫೈಲಾದರೂ ಸರಿ’ ಎಂದು ಅಚ್ಚಾಗಿದೆ. ನಾನೇ ಸಹಿ ಹಾಕಿದ ಮೆಷಿನ್ನು ನನ್ನ ಹೆಂಡತಿಯದನ್ನೇ ಹಾಡುವುದಿಲ್ಲ ಎಂದರೆ ನಾಚಿಕೆಗೇಡು.

ಮೃದು ಬಟ್ಟೆಯಿಂದ ಒರೆಸಿದೆ. ಬಿಸಿಲಿಗೆ ಹಿಡಿದು ನೋಡಿದೆ, ಒಂದು ಗೀರಿಲ್ಲ. ಮೆಷಿನ್ನನ್ನು ಮೇಜಿನಿಂದ ನೆಲಕ್ಕೆ, ನೆಲದಿಂದ ಮಂಚಕ್ಕೆ ಸಾಗಿಸಿದೆ. ಅಡುಗೆಮನೆಗೂ ಒಯ್ದೆ. ಅಲ್ಲಿ ಗಾಳಿ ಬಡಿಯುತ್ತಿತ್ತು. ನೋಡಿದರೆ ಕಿಟಕಿಯಲ್ಲಿ ಗಾಜಿನ ಜಾಗಕ್ಕೆ ರಟ್ಟು ಸಿಕ್ಕಿಸಿದೆ! ಯಾವಾಗ ಒಡೆಯಿತು, ಯಾರು ಒಡೆದರು, ಒಂದೂ ಗೊತ್ತಿಲ್ಲ. ರಟ್ಟು ಹಳೆಯದಾಗಿ ಸೊಟ್ಟಗಾಗಿದೆ. ಮನೆಯಲ್ಲಿ ಇಂಥದ್ದು ನಡೆದರೆ ನನಗೊಂದು ಮಾತು ಹೇಳಬಾರದೇ?

ಸಂಜೆ ಮತ್ತೆ ಫೋನ್ ಮಾಡಿ, ತಜ್ಞನಾಗಿ ನನ್ನ ಅಭಿಪ್ರಾಯ ತಿಳಿಸಿದೆ. “ನೋಡು, ಮೆಷಿನ್ನು ಸರಿಯಾಗಿದೆ. ನಿನ್ನ ಫೈಲ್ ಕೆಟ್ಟಿದೆ.”

“ಅಕ್ಕನ ಮನೇಲಿ ಹಾಡತ್ತೆ.”

“ಅದು ಹೇಗೆ ಹಾಡತ್ತೆ?”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿಮ್ಮ ಮೆಷಿನ್ನಿಗೂ ನಿಮಗೂ ಒಳ್ಳೇ ಜೋಡಿ,” ಅಂದಳು. ದನಿ ಸಿಟ್ಟಿನದ್ದಲ್ಲ, ದಣಿವಿನದ್ದು. ನುಣ್ಣಗೆ ಬೀಸಿದ ಫೈಲಿನಲ್ಲಾದರೆ ಆ ವ್ಯತ್ಯಾಸ ಸ್ಪಷ್ಟವಾಗಿ ತಿಳಿಯುತ್ತದೆ, ಟೆಲಿಫೋನಿನಲ್ಲೂ ತಿಳಿಯಿತು.


ಮಾರ್ಚ್ ೧೩, ಗುರುವಾರ

ಮಾನ ಮೂರು ಕಾಸಿಗೆ ಹೋಯಿತು. ಸೋಮವಾರ ಅಂಗಡಿಗೆ ಹೋದ ಪ್ಲೇಯರುಗಳು ಇವತ್ತು ಒಂದೊಂದಾಗಿ, ಆಮೇಲೆ ಹಿಂಡುಹಿಂಡಾಗಿ ವಾಪಸು ಬಂದವು. ಎಲ್ಲರದ್ದೂ ಒಂದೇ ದೂರು: ಯಾವ ಡಿಸ್ಕ್ ಹಾಕಿದರೂ ಹಾಡಿಲ್ಲ, ಹಾಡಿಲ್ಲ, ಹಾಡಿಲ್ಲ. ಒಬ್ಬ ಅಂಗಡಿಯವನು, “ನಿಮ್ಮ ಮೆಷಿನ್ನಿಗೆ ಹಾಡು ಇಷ್ಟ ಇಲ್ವಾ?” ಎಂದು ಫೋನಿನಲ್ಲಿ ಕೇಳಿದನಂತೆ.

ಮೆಷಿನ್ನಿನ ಸಾಫ್ಟ್‌ವೇರ್ ಬರೆದವನನ್ನು ನಾವು ‘ಆಗತ್ತೆ’ ಎಂದು ಕರೆಯುತ್ತೇವೆ. ಏನು ಕೇಳಿದರೂ ಅವನು ಅನ್ನುವುದು “ಆಗತ್ತೆ ಸಾರ್.” ಮಧ್ಯಾಹ್ನ ಅವನು ಕಂಪ್ಯೂಟರಿನ ಮುಂದೆ ತಲೆ ಮೇಲೆ ಕೈಹೊತ್ತು ಕೂತಿದ್ದ.

“ಸಾರ್, ಗೊತ್ತಾಯ್ತು. ಗಂಟಲು.”

“ಯಾವ ಗಂಟಲು?”

“ದೊಡ್ಡಮ್ಮಂದು. ಹಾಡು ಎಲ್ಲಿ ಶುರುವಾಗತ್ತೆ ಅಂತ ಮೆಷಿನ್ನಿಗೆ ತಿಳೀಬೇಕಲ್ಲ ಸಾರ್. ನಂಗೆ ಕೊಟ್ಟ ಎಲ್ಲಾ ಫೈಲಲ್ಲೂ ಮೊದಲು ಗಂಟಲು ಸರಿಮಾಡ್ಕೊಳ್ಳೋದು ಇತ್ತು. ಹಾಡು ಅಂದ್ರೆ ಹಾಗೇ ಶುರುವಾಗೋದು ಅಂದ್ಕೊಂಡು, ಅದನ್ನೇ ಗುರುತು ಇಟ್ಟೆ. ಆ ಗಂಟಲು ಬಂದ್ರೆ ಹಾಡು. ಬರದಿದ್ರೆ ಹಾಡಿಲ್ಲ.”

“ನಿನ್ನ ಜನ್ಮದಲ್ಲಿ ಬೇರೆ ಹಾಡೇ ಕೇಳಿಲ್ವೇನಯ್ಯಾ?”

“ಕೇಳಿದೀನಿ ಸಾರ್. ಆದ್ರೆ ಕೆಲಸದಲ್ಲಿ ಕೇಳಿಲ್ಲ.”

ಬಯ್ಯೋಣವೆಂದರೆ, ಅಷ್ಟೂ ಫೈಲುಗಳಿಗೆ ‘ಕೇಳಿದೆ’ ಎಂದು ಸಹಿ ಹಾಕಿದವನು ನಾನೇ. ಈ ಮೆಷಿನ್ನು ಲೋಕದಲ್ಲಿ ಒಬ್ಬರ ಮಾತನ್ನು ಬಿಟ್ಟು ಬೇರೆ ಯಾರದನ್ನೂ ಕೇಳುವುದಿಲ್ಲ ಎಂಬುದು ನನ್ನ ತಕ್ಕಡಿಯಂಥ ಕಿವಿಗೆ ಗೊತ್ತೇ ಆಗಲಿಲ್ಲ.

ಮನೆಗೆ ಬಂದವನೇ ಇವಳಿಗೆ ಫೋನ್ ಮಾಡಿ, “ನಿನ್ನ ಫೈಲ್ ಸರಿ ಇದೆ ಕಣೇ, ಕೆಟ್ಟಿರೋದು ನಮ್ಮ ಮೆಷಿನ್ನು,” ಅಂದೆ.

“ಗೊತ್ತು,” ಅಂದಳು. ಇಡಲಿಲ್ಲ. ನಾನೂ ಇಡಲಿಲ್ಲ. ಹಿನ್ನೆಲೆಯಲ್ಲಿ ಅವರ ಮನೆಯ ಗಡಿಯಾರ ಕೇಳುತ್ತಿತ್ತು. ಆಮೇಲೆ ಯಾರೋ ಕರೆದರು, ಹೋದಳು.


ಮಾರ್ಚ್ ೧೪, ಶುಕ್ರವಾರ

ಯಜಮಾನರ ಕೋಣೆಯಲ್ಲಿ ಸಭೆ. ದೊಡ್ಡಮ್ಮ ಊರುಗೋಲು ಮೊಣಕಾಲಿಗೆ ಒರಗಿಸಿಕೊಂಡು ಮಧ್ಯದ ಕುರ್ಚಿಯಲ್ಲಿ. ಆಗತ್ತೆ ವಿಷಯ ಒಪ್ಪಿಸಿದ.

ದೊಡ್ಡಮ್ಮನಿಗೆ ಅರ್ಥವೇ ಆಗಲಿಲ್ಲ. “ಅಂದ್ರೆ ಊರಲ್ಲಿ ಜನ ಗಂಟಲು ಸರಿಮಾಡ್ಕೊಳ್ಳದೇನೇ ಹಾಡ್ತಾರಾ?”

“ಹೌದು ದೊಡ್ಡಮ್ಮ.”

“ಮುಖ ತೊಳೀದೆ ಊಟಕ್ಕೆ ಕೂತ ಹಾಗೆ! ಅಂಥವರ ಹಾಡನ್ನ ಮೆಷಿನ್ನು ಹಾಡ್ದೇ ಇರೋದೇ ಸರಿ. ಮೆಷಿನ್ನಿಗಾದ್ರೂ ಮರ್ಯಾದೆ ಇದೆಯಲ್ಲ.”

ಯಜಮಾನರು ಅಕ್ಕನ ಮಾತಿಗೆ ಎಂದೂ ಎದುರಾಡಿದವರಲ್ಲ. ಸ್ವಲ್ಪ ಹೊತ್ತು ಮೀಸೆ ತಿರುವಿ, ಡಬ್ಬಗಳ ಮೇಲೆ ಹೊಸ ಚೀಟಿ ಅಂಟಿಸಲು ಹೇಳಿದರು: ‘ಗಂಟಲು ಸರಿಮಾಡಿಕೊಂಡು ಹಾಡಿದ ಹಾಡುಗಳಿಗೆ ಮಾತ್ರ.’ ನಾವೆಲ್ಲ ಸೇರಿ ಸಂಜೆಯವರೆಗೂ ಅಂಟಿಸಿದೆವು. ಚೀಟಿ ಚೆನ್ನಾಗಿ ಕೂತಿದೆಯೇ ಎಂದು ಪರೀಕ್ಷಿಸುವುದೂ ನನ್ನ ಪಾಲಿಗೇ ಬಂತು.

ಇದನ್ನು ಹೇಳಿದರೆ ಇವಳು ಬಿದ್ದು ಬಿದ್ದು ನಗುತ್ತಿದ್ದಳು. ಬಾಗಿಲು ತೆಗೆದು “ಲೇ, ಕೇಳಿಲ್ಲಿ” ಅಂದೂಬಿಟ್ಟೆ. ರಟ್ಟು ಪಟಪಟ ಅಂದಿತು.


ಮಾರ್ಚ್ ೧೬, ಭಾನುವಾರ

ನಲ್ಲಿ ತೊಟ್ಟಿಕ್ಕುತ್ತದೆ. ಮೂರು ಬೇಗಬೇಗ, ಒಂದು ತಡವಾಗಿ. ಬಚ್ಚಲಿನ ಬಾಗಿಲು ಒಂದು ಸ್ವರ ಕೆಳಗೆ ಕಿರುಗುಡುತ್ತದೆ. ಮೇಲಿನ ಮನೆಯವರ ಕುರ್ಚಿಗೆ ಒಂದು ಕಾಲು ಗಿಡ್ಡ. ಇಷ್ಟೆಲ್ಲ ಸದ್ದು ಮನೆಯಲ್ಲಿ ಮೊದಲೂ ಇತ್ತೇ?

ಮೌನ ಬಂಗಾರವಂತೆ. ಬಂಗಾರ ಕಚ್ಚಿಕೊಂಡರೆ ಹೊಟ್ಟೆ ತುಂಬುತ್ತದೆಯೇ?


ಮಾರ್ಚ್ ೧೮, ಮಂಗಳವಾರ

ಚೀಟಿ ಅಂಟಿಸಿದ ಮೆಷಿನ್ನುಗಳು ಹೋದ ಗಾಡಿಯಲ್ಲೇ ತಿರುಗಿ ಬಂದವು. ಈಗ ಯಜಮಾನರಿಗೆ ಹೊಸ ಉಪಾಯ ಹೊಳೆದಿದೆ. ಹಾಡಿನ ಮೊದಲಲ್ಲಿ ಗಂಟಲು ಇರಬೇಕೆಂಬ ನಿಯಮ ಬೇಡ. ಫೈಲಿನ ಒಳಗೆ ಎಲ್ಲಿದ್ದರೂ ಹುಡುಕಿ ಅಲ್ಲಿಂದ ಹಾಡಲಿ. ಮತ್ತೆ, ಒಂದೇ ಗಂಟಲು ಸಾಲದು. ಇನ್ನಷ್ಟು ಗಂಟಲುಗಳ ಪರಿಚಯ ಮಾಡಿಸಿರಿ. ಗಂಟಲನ್ನೇ ಬಿಟ್ಟುಬಿಡಬಹುದಲ್ಲ ಎಂದು ಯಾರೂ ಹೇಳಲಿಲ್ಲ, ಯಾಕೆಂದರೆ ದೊಡ್ಡಮ್ಮ ಎದುರಿಗೇ ಇದ್ದರು.

ಹಾಗಾಗಿ ಇವತ್ತು ಇಡೀ ಕಾರ್ಖಾನೆ ಸಾಲಾಗಿ ನಿಂತು ಮೈಕಿನ ಮುಂದೆ ಗಂಟಲು ಸರಿಮಾಡಿಕೊಂಡಿತು. ಪ್ಯಾಕಿಂಗಿನವರು, ಬೆಸುಗೆಯವರು, ಕಾವಲುಗಾರ, ಕಸ ಗುಡಿಸುವ ಅಕ್ಕ. ಯಜಮಾನರು ಕೆಮ್ಮಿಬಿಟ್ಟರು, ಲೆಕ್ಕಕ್ಕೆ ಬರಲಿಲ್ಲ. ಮೆಷಿನ್ನು ಎಲ್ಲರಿಗೂ ಒಂದೇ ಉತ್ತರ ಕೊಟ್ಟಿತು: ಹಾಡಿಲ್ಲ.

ಕೊನೆಗೆ ನಾನು ನಿಂತೆ. “ಹ್ಞೂಂ” ಅಂದೆ, ಅಷ್ಟೆ. ಹಸಿರು ಕಿಟಕಿ ಮಿನುಗಿತು: ಹಾಡು ೧.

“ಆಯ್ತು! ಆಯ್ತು ಸಾರ್!” ಎಂದು ಆಗತ್ತೆ ಕುಣಿದ. ‘ಆಗತ್ತೆ’ ಬಿಟ್ಟು ಅವನು ‘ಆಯ್ತು’ ಅಂದದ್ದನ್ನು ನಾನು ಕೇಳಿದ್ದು ಇದೇ ಮೊದಲು. ದೊಡ್ಡಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಒಳ್ಳೇ ಪಳಗಿದ ಗಂಟಲು. ಮನೇಲಿ ದಿನಾ ಸಾಧನೆ ಮಾಡ್ತೀಯೇನಪ್ಪಾ?” ಎಂದು ಕೇಳಿದರು. ಇಲ್ಲ ಅಂದೆ. ಸಾಧನೆಗೀಧನೆ ಇಲ್ಲದೆ ಬಂದದ್ದು, ದೇವರು ಕೊಟ್ಟದ್ದು.

ಈಗ ಲೋಕದಲ್ಲಿ ಆ ಮೆಷಿನ್ನು ಗುರುತಿಸುವ ಗಂಟಲುಗಳು ಎರಡು: ದೊಡ್ಡಮ್ಮನದು, ನನ್ನದು. ಇಂಥ ಸುದ್ದಿ ಹೇಳಲು ಮನೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ.


ಮಾರ್ಚ್ ೨೦, ಗುರುವಾರ

ಇವತ್ತು ಬರೆಯಲಾರೆ.


ಮಾರ್ಚ್ ೨೧, ಶುಕ್ರವಾರ

ನಿನ್ನೆಯದನ್ನು ಬರೆದು ಮುಗಿಸಬೇಕು.

ಹೊಸ ಸಾಫ್ಟ್‌ವೇರ್ ಹಾಕಿದ ಮೆಷಿನ್ನು ಕಾರ್ಖಾನೆಯಲ್ಲಿ ಮಾತ್ರ ಇತ್ತು. ಊಟದ ಹೊತ್ತಿಗೆ ಎಲ್ಲರೂ ಹೊರಗೆ ಹೋದಾಗ ಇವಳ ಡಿಸ್ಕನ್ನು ಅದಕ್ಕೆ ಹಾಕಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಒಬ್ಬನೇ ಕೇಳೋಣ ಎಂದುಕೊಂಡೆ. ಡಿಸ್ಕನ್ನು ಕಾಗದದಲ್ಲಿ ಸುತ್ತಿ ಊಟದ ಡಬ್ಬಿಯಲ್ಲಿ ಎರಡು ತುಂಡು ಬ್ರೆಡ್ಡಿನ ನಡುವೆ ಇಟ್ಟು ಒಳಗೆ ತಂದೆ. ಕಾವಲುಗಾರ ಡಬ್ಬಿ ತೆರೆದು ನೋಡಿ ಮುಚ್ಚಿದ. ಬೀಸುವ ದೊಣ್ಣೆ ತಪ್ಪಿತು ಅಂದುಕೊಂಡೆ.

ತಪ್ಪಿರಲಿಲ್ಲ. ಊಟಕ್ಕೆ ಮುಂಚೆಯೇ ಯಜಮಾನರು ದೊಡ್ಡಮ್ಮನನ್ನು ಕರೆದುಕೊಂಡು ಬಂದು, ಎಲ್ಲರನ್ನೂ ಸೇರಿಸಿ, “ಎಲ್ಲಿ, ನಮ್ಮಕ್ಕಂದಲ್ಲದ್ದು ಒಂದು ಹಾಕಿ ತೋರಿಸಿ,” ಅಂದರು.

ಎಲ್ಲಿಂದ ತರುವುದು? ದೊಡ್ಡಮ್ಮನದಲ್ಲದ ಒಂದೇ ಒಂದು ಫೈಲೂ ಆ ಕಾರ್ಖಾನೆಯಲ್ಲಿ ಇರಲಿಲ್ಲ. ಇರಕೂಡದೆಂದು ಅವರದೇ ಆಜ್ಞೆ.

ಬಾಗಿಲಲ್ಲಿ ನಿಂತಿದ್ದ ಕಾವಲುಗಾರ ಬಾಯಿ ಬಿಟ್ಟ. “ಇವರ ಊಟದ ಡಬ್ಬೀಲಿ ಒಂದಿದೆ ಸಾರ್. ಬೆಳಿಗ್ಗೇನೇ ನೋಡ್ದೆ. ಹೆಂಗಿದ್ರೂ ತಿಂತಾರಲ್ಲ ಅಂತ ಬಿಟ್ಟೆ.”

“ಭಲೇ! ತೆಗೀರಿ ಅದನ್ನ,” ಎಂದು ಯಜಮಾನರು ಕೈಚಾಚಿದರು. ನಾನು ಬೇಡ ಸಾರ್, ಅದು ಮನೆಯದು, ಹಾಡಲ್ಲ, ಮಾತು, ಎಂದೆಲ್ಲ ಒದರಿದೆ. ಆಗತ್ತೆ ಆಗಲೇ ಬ್ರೆಡ್ಡಿನ ಚೂರು ಕೊಡವಿ ಡಿಸ್ಕನ್ನು ಒಳಗೆ ತಳ್ಳಿದ್ದ. ಹೆಡ್‌ಫೋನ್ ಅಲ್ಲ, ದೊಡ್ಡ ಸ್ಪೀಕರುಗಳು.

ಮೆಷಿನ್ನು ತಿರುಗಿತು. ಫೈಲಿನೊಳಗೆ ಗಂಟಲು ಹುಡುಕುತ್ತ ಹೋಯಿತು, ಹೋಯಿತು, ತುಂಬ ಹೊತ್ತು ಹೋಯಿತು. ಆಮೇಲೆ ಕಿಟಕಿಯಲ್ಲಿ ಮೂಡಿತು: ಹಾಡು ೧.

ಸ್ಪೀಕರಿನಲ್ಲಿ ನನ್ನ ದನಿ. “ಹ್ಞೂಂ.”

ಆಮೇಲೆ ಇವಳದು. “ಅಂದ್ರೆ ಕೇಳಿಸ್ತಾ ಇದೆಯಾ?”

“ಹ್ಞೂಂ.” ಹಾಡು ೨.

ನಮ್ಮ ಊಟದ ಮೇಜು. ತಟ್ಟೆಗೆ ಚಮಚ ತಾಗುವ ಸದ್ದು. ಎದುರಿಗೆ ಕೂತಿರುವವನು ನಾನು.

“ನಾಳೆ ಅಕ್ಕನ ಮನೆಗೆ ಹೋಗ್ತೀನಿ. ಎರಡು ದಿನಕ್ಕಲ್ಲ. ಅಲ್ಲೇ ಇದ್ದುಬಿಡ್ತೀನಿ.”

“ಹ್ಞೂಂ.” ಹಾಡು ೩.

“ನಾನಿಲ್ದಿದ್ರೂ ನಿಮಗೆ ನಡೆಯತ್ತಾ?”

“ಹ್ಞೂಂ.” ಹಾಡು ೪.

“ಒಲೆ ಮೇಲೆ ಆನೆ ಕೂತಿದೆ.”

“ಹ್ಞೂಂ.” ಹಾಡು ೫.

“ಮರಿ ಹಾಕಿದೆ.”

“ಹ್ಞೂಂ, ಉಪ್ಪು ಕೊಡು.” ಹಾಡು ೬.

ಇವಳು ನಕ್ಕಳು. ಸ್ವಲ್ಪ ಹೊತ್ತು ನಗುತ್ತಲೇ ಇದ್ದಳು, ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ಉಪ್ಪಿನ ಡಬ್ಬಿಯನ್ನು ನನ್ನ ಕಡೆಗೆ ತಳ್ಳಿದ ಸದ್ದು. ಕುರ್ಚಿ ಸರಿದ ಸದ್ದು. ಅಲ್ಲಿಗೆ ಡಿಸ್ಕ್ ಮುಗಿಯಿತು.

“ಆರು ಹಾಡು!” ಎಂದು ಯಜಮಾನರು ಚಪ್ಪಾಳೆ ತಟ್ಟಿದರು. “ಒಂದೇ ಫೈಲಲ್ಲಿ ಆರು ಹಾಡು! ಬೇರೆ ಯಾವ ಕಂಪನಿ ಮೆಷಿನ್ನು ಹಾಡತ್ತೆ ಹೇಳಿ ನೋಡೋಣ!” ಎಲ್ಲರೂ ಚಪ್ಪಾಳೆ ತಟ್ಟಿದರು. ಚಮಚದ ಸದ್ದು ಎಷ್ಟು ಸ್ಪಷ್ಟ ಎಂದು ಪ್ಯಾಕಿಂಗಿನವನು ಮೆಚ್ಚಿಕೊಂಡ. ಆನೆಯ ಜಾಗದಲ್ಲಿ ಎಡಗಡೆ ಸ್ಪೀಕರು ಸ್ವಲ್ಪ ತಗ್ಗಿತು ಎಂದು ಆಗತ್ತೆ ಬರೆದುಕೊಂಡ. ಇಷ್ಟು ದಿನ ಯಾರೂ ಕೇಳಬಾರದು ಎಂದು ಕಾಪಾಡಿಕೊಂಡು ಬಂದದ್ದನ್ನು ಇಡೀ ಕಾರ್ಖಾನೆ ಕೇಳಿತು, ಒಬ್ಬರೂ ಕೇಳಿಸಿಕೊಳ್ಳಲಿಲ್ಲ. ಅವರನ್ನು ಅನ್ನಲು ನನಗೆ ಯಾವ ಮುಖ?

ದೊಡ್ಡಮ್ಮ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಊರುಗೋಲಿನಿಂದ ನನ್ನ ಬೂಟು ಕುಟ್ಟಿ, “ಅದು ನಿನ್ನ ಹೆಂಡ್ತಿಯೇನೋ?” ಅಂದರು.

ಹೌದು ಎಂದು ತಲೆಯಾಡಿಸಿದೆ. ಬಾಯಿ ಬಿಟ್ಟರೆ ಏಳನೆಯ ಹಾಡು ಬರುತ್ತದೆಂದು ಭಯ.

“ಮತ್ತೆ ಇನ್ನೂ ಇಲ್ಲೇ ನಿಂತಿದ್ಯಲ್ಲೋ ಮಂಕೆ! ಹೋಗು, ಬಸ್ ಹಿಡಿ.”

ಹೋದೆ. ಬಸ್ಸಿನಲ್ಲಿ ಕೂತು ಏನು ಹೇಳಬೇಕೆಂದು ಜೋಡಿಸಿಕೊಂಡೆ. ಅಕ್ಕನ ಮನೆಯ ಬಾಗಿಲು ತೆರೆದದ್ದು ಇವಳೇ. ಸ್ವಲ್ಪ ಇಳಿದಿದ್ದಳು. ಜೋಡಿಸಿಕೊಂಡದ್ದೆಲ್ಲ ಮರೆತು ಹೋಗಿ, ಗಾಬರಿಗೆ ಗಂಟಲು ಸರಿಮಾಡಿಕೊಂಡುಬಿಟ್ಟೆ.

“ಅದೊಂದು ಬಿಟ್ಟು ಬೇರೇನಾದ್ರೂ ಹೇಳಿ,” ಅಂದಳು.

“ಮೆಷಿನ್ನು ಹಾಡ್ತು. ಆದ್ರೆ ನಾನು ಹ್ಞೂಂ ಅಂದಲ್ಲಿಂದ ಮಾತ್ರ. ಅದಕ್ಕೆ ಮುಂಚೆ ನೀನು ಏನು ಹೇಳಿದ್ದೆ? ಅಷ್ಟನ್ನೂ ಅದು ನುಂಗಿಬಿಡ್ತು.”

“ಅದಕ್ಕೆ ಮುಂಚೆ ನೀವು ಹ್ಞೂಂ ಕೂಡ ಅಂದಿರಲಿಲ್ಲ. ಊಟ ಶುರುವಾದಾಗಿಂದ ನಾನೊಬ್ಬಳೇ ಮಾತಾಡ್ತಾ ಇದ್ದೆ.”

ಒಳಗಿನಿಂದ ಅಕ್ಕನ ಮಗಳು ಓಡಿಬಂದಳು. “ಚಿಕ್ಕಪ್ಪ, ನಮ್ಮ ಕಂಪ್ಯೂಟರಲ್ಲಿ ಪೂರ್ತಿ ಇದೆ. ಹಾಕ್ಲಾ? ಚೆನ್ನಾಗಿ ಕೇಳ್ಸತ್ತೆ.”

“ಬೇಡಮ್ಮ,” ಅಂದೆ. “ಇವಳೇ ಹೇಳಲಿ.”

ಇವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ನನ್ನನ್ನು ನೋಡಿದಳು. ಮೆಷಿನ್ನು ಡಿಸ್ಕನ್ನು ತಿರುಗಿಸಿ ತಿರುಗಿಸಿ ಯೋಚಿಸುವಷ್ಟೇ ಹೊತ್ತು. ಆ ಹಸಿರು ಅಕ್ಷರ ಈಗ ಇವಳ ಹಣೆಯ ಮೇಲೆ ಮೂಡುತ್ತದೆ ಎಂದು ಕಾದು ನಿಂತೆ.

“ಎಲ್ಲಿಂದ ಹೇಳಲಿ?” ಅಂದಳು.

“ಮೊದಲಿಂದ.”

“ಮೊದಲು ಅಂದ್ರೆ ಆ ಶನಿವಾರದ ಊಟದಿಂದ ಅಲ್ಲ. ನೀವು ಕೇಳೋದು ನಿಲ್ಲಿಸಿದ್ರಲ್ಲ, ಆವತ್ತಿಂದ.”

“ಅದು ಯಾವತ್ತು?”

ಇವಳಿಗೆ ಗೊತ್ತಿತ್ತು. ವಾರ, ಹೊತ್ತು, ನಾನು ಹಾಕಿಕೊಂಡಿದ್ದ ಅಂಗಿ, ಎಲ್ಲ ಗೊತ್ತಿತ್ತು. ಕುರ್ಚಿ ಹಾಕಿಕೊಟ್ಟು ಶುರುಮಾಡಿದಳು. ನಡುನಡುವೆ ಥಟ್ಟನೆ ನಿಲ್ಲಿಸಿ, “ಈಗ ಏನು ಹೇಳಿದೆ?” ಎಂದು ಕೇಳುತ್ತಿದ್ದಳು, ನಾನು ಒಪ್ಪಿಸುತ್ತಿದ್ದೆ. ಎರಡು ಸಲ ತಪ್ಪಿದೆ, ಮತ್ತೆ ಹಿಂದಿನಿಂದ ಹೇಳಿಸಿಕೊಂಡೆ. ಹ್ಞೂಂ ಬಾಯಿಗೆ ಬಂದಾಗಲೆಲ್ಲ ತುಟಿ ಕಚ್ಚಿ “ಆಮೇಲೆ?” ಅಂದೆ. ಕೊನೆಯ ಬಸ್ಸಿನ ಹೊತ್ತಾದಾಗ ಕಥೆ ಇನ್ನೂ ನಮ್ಮ ಹಳೆಯ ಬಾಡಿಗೆ ಮನೆಯಲ್ಲೇ ಇತ್ತು.

“ನನ್ನ ಜೊತೆ ಬರ್ತೀಯಾ?” ಎಂದು ಕೇಳಿದೆ.

“ಇಷ್ಟಕ್ಕೇ ಬರ್ತಾರಾ? ಮೆಷಿನ್ನು ಒಂದು ದಿನ ಹಾಡಿದ ಕೂಡ್ಲೇ ಸಹಿ ಹಾಕಿಬಿಡ್ತೀರಾ ನೀವು? ಕಥೆ ಮುಗೀಲಿ, ನೋಡೋಣ. ನಾಳೆ ಬನ್ನಿ,” ಅಂದಳು.


ಮಾರ್ಚ್ ೩೦, ಭಾನುವಾರ

ಈ ವಾರ ಬರೆಯಲು ಹೊತ್ತೇ ಸಿಗಲಿಲ್ಲ. ದಿನಾ ಕೆಲಸ ಮುಗಿದ ಮೇಲೆ ಬಸ್ಸು, ಅಕ್ಕನ ಮನೆ, ಕುರ್ಚಿ.

ಕಾರ್ಖಾನೆಯಲ್ಲಿ ಗಂಟಲಿನ ನಿಯಮವನ್ನು ತೆಗೆದುಹಾಕಿದ್ದಾರೆ. ತೆಗೆಸಿದ್ದು ದೊಡ್ಡಮ್ಮನೇ: “ಗಂಟಲು ನೋಡಿ ಹಾಡು ಅಳೆಯೋ ಮೆಷಿನ್ನು ಮನೆಹಾಳು ಮೆಷಿನ್ನು” ಅಂದರಂತೆ. ಈಗ ಅದು ಎಲ್ಲರದನ್ನೂ ಹಾಡುತ್ತದೆ. ಅಳಿಲಿನ ಹಾಡಿಗೆ ನಾಲ್ಕನೆಯ ಚರಣವೂ ಇದೆಯಂತೆ. ಜಾಗ ಸಾಲದೆಂದು ಯಜಮಾನರು ಬಿಡಿಸಿದ್ದರಂತೆ. ಕೇಳಿದೆ. ಅದರಲ್ಲೂ ಅಳಿಲು ದಾಟುವುದಿಲ್ಲ, ಬೇಲಿಯೇ ಬಿದ್ದುಹೋಗುತ್ತದೆ.

ಇವಳು ಮೊನ್ನೆ ಒಂದು ಸೂಟ್‌ಕೇಸ್ ಬಟ್ಟೆ ನನ್ನ ಕೈಯಲ್ಲಿ ಕೊಟ್ಟು ಕಳಿಸಿದಳು. ಒಗೆದು ಇಡಲು ಹೇಳಿದ್ದಾಳೆ, ಯಾವುದನ್ನು ಯಾವುದರ ಜೊತೆ ನೆನೆಸಬಾರದು ಎಂದೂ ಹೇಳಿದ್ದಾಳೆ. ಎಲ್ಲ ನೆನಪಿದೆ.

ಹೆಚ್ಚು ಬರೆಯಲು ಆಗುವುದಿಲ್ಲ, ಬಸ್ಸಿಗೆ ಹೊತ್ತಾಯಿತು. ನಿನ್ನೆ ಕಥೆ ನಿಂತದ್ದು ಅಡುಗೆಮನೆಯ ಕಿಟಕಿಯ ಹತ್ತಿರ. ಒಂದು ದಿನ ಮಧ್ಯಾಹ್ನ ಇವಳು ಒಬ್ಬಳೇ ಇದ್ದಾಗ ಠಣ್ಣೆಂದು ಗಾಜು ಒಡೆಯಿತಂತೆ. ಅಷ್ಟು ಹೇಳಿ, “ಉಳಿದದ್ದು ನಾಳೆ” ಎಂದು ಎದ್ದುಬಿಟ್ಟಳು. ರಾತ್ರಿಯೆಲ್ಲ ನಿದ್ದೆ ಬಂದಿಲ್ಲ. ಆ ಗಾಜು ಯಾರು ಒಡೆದದ್ದೋ, ಇವತ್ತು ಕೇಳಲೇಬೇಕು.